ಮಹಾತ್ಮರ ಕೈನೂಲು

ನಮ್ಮ ಸಿಂಗಾನಲ್ಲೂರಿನ ಮನೆಗಳಲ್ಲಿ ನೂಲೆಂಬುದು ಯಾರಿಗೂ ಹೊಸ ಮಾತಲ್ಲ. 1888ರಲ್ಲಿ ಕೊಯಮತ್ತೂರಿನಲ್ಲಿ ಸ್ಟೇನ್ಸ್ ಸಾಹೇಬರ ನೂಲಿನ ಗಿರಣಿ ಸ್ಥಾಪಿತವಾಯಿತು. 1930ರ ದಶಕದಲ್ಲಿ ಪೈಕಾರಾದ ವಿದ್ಯುಚ್ಛಕ್ತಿ ನೀಲಗಿರಿಯಿಂದ ಈ ಬಯಲಿಗೆ ಇಳಿದುಬಂದ ಮೇಲಂತೂ ಸಿಂಗಾನಲ್ಲೂರು, ಪೀಳಮೇಡುಗಳ ಸುತ್ತ ಗಿರಣಿಗಳು ಒಂದರ ಮಗ್ಗುಲಲ್ಲಿ ಒಂದು ಎದ್ದು ನಿಂತವು. ಗಿರಣಿಗಳಿಗಿಂತ ಬಹು ಹಿಂದಿನಿಂದಲೂ ಈ ಸೀಮೆಯಲ್ಲಿ ಮಗ್ಗದ ಮುಂದೆ ಕುಳಿತು, ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದ ದೇವಾಂಗ ಮನೆತನಗಳು ಉಂಟು. ಹೀಗೆ ಮಗ್ಗವನ್ನೂ ಗಿರಣಿಯನ್ನೂ ಕಂಡ ಊರಿನಲ್ಲಿರುವ ನಾವು, ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಮಹಾತ್ಮ ಗಾಂಧೀಜಿಯವರ ಬಾಳನ್ನು ಒಂದು ನೂಲಿನೆಳೆಯನ್ನು ಹಿಡಿದುಕೊಂಡೇ ನೋಡಬೇಕೆಂದು ಬಯಸುತ್ತೇವೆ. ಅವರ ರಾಜಕೀಯವನ್ನು ಪಾಠಪುಸ್ತಕಗಳು ಹೇಳುತ್ತವೆ. ಅವರು ತಮ್ಮ ಕೈಯಿಂದಲೇ ತೆಗೆದ ನೂಲು ಎಲ್ಲೆಲ್ಲಿಗೆ ಹೋಗಿ ಸೇರಿತೆಂಬ ಕಥೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಗಾಂಧೀಜಿಯವರು 1869ರ ಅಕ್ಟೋಬರ್ 2ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ದಿವಾನರ ಮನೆತನವೊಂದರಲ್ಲಿ ಜನಿಸಿದರು. 1888ರಲ್ಲಿ, ಎಂದರೆ ಕೊಯಮತ್ತೂರಿನಲ್ಲಿ ಮೊದಲ ಗಿರಣಿ ಎದ್ದ ವರ್ಷದಲ್ಲಿಯೇ, ಅವರು ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹೊರಟರು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ, ನಡುವೆ ಕೆಲವು ಕಾಲ ಬಿಟ್ಟರೆ, ಸುಮಾರು ಎರಡು ದಶಕಗಳನ್ನು ಅಲ್ಲಿಯೇ ಕಳೆದರು. 1909ರಲ್ಲಿ ಹಡಗಿನ ಮೇಲೆ ಕುಳಿತು ಹಿಂದ್ ಸ್ವರಾಜ್ ಎಂಬ ಪುಸ್ತಕವನ್ನು ಬರೆದಾಗ, ಭಾರತದ ಬಡತನಕ್ಕೆ ಕೈನೂಲು ಕೈಮಗ್ಗಗಳೇ ಮದ್ದೆಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಆದರೆ ವಿಚಿತ್ರವೆಂದರೆ, ಆ ವೇಳೆಗೆ ತಾವು ರಾಟೆಯನ್ನು ಕಂಡ ನೆನಪೇ ಇರಲಿಲ್ಲವೆಂದು ಅವರು ಮುಂದೆ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ. 1915ರಲ್ಲಿ ಸ್ವದೇಶಕ್ಕೆ ಮರಳಿದಾಗಲೂ ಅವರು ರಾಟೆಯನ್ನು ಕಣ್ಣಾರೆ ಕಂಡಿರಲಿಲ್ಲ. ಕಾಣದ ವಸ್ತುವನ್ನು ಮೊದಲು ನಂಬಿ, ಆಮೇಲೆ ಹುಡುಕಲು ಹೊರಟ ಮನುಷ್ಯರು ಅವರು.

1915ರ ಮೇ ತಿಂಗಳಲ್ಲಿ ಅಹಮದಾಬಾದಿನ ಬಳಿಯ ಕೋಚರಬಿನಲ್ಲಿ ಆಶ್ರಮ ಪ್ರಾರಂಭವಾಯಿತು. 1917ರಲ್ಲಿ ಅದು ಸಾಬರಮತಿಯ ದಂಡೆಗೆ ಬಂದಿತು. ಆಶ್ರಮಕ್ಕೆ ಮೊದಲು ಬಂದುದು ಮಗ್ಗ, ರಾಟೆಯಲ್ಲ. ಆಶ್ರಮವಾಸಿಗಳು ನೇಯ್ಗೆಯನ್ನು ಕಲಿತರು. ಆದರೆ ನೂಲಿಗೆ ಗಿರಣಿಯ ಬಾಗಿಲಿಗೇ ಹೋಗಬೇಕಾಗಿತ್ತು. ನೇಕಾರನ ಕೈಗೆ ನೂಲು ಬೇರೆಯವರಿಂದ ಬರುವವರೆಗೆ ಅವನ ಸ್ವಾತಂತ್ರ್ಯ ಅರ್ಧ ಮಾತ್ರವೆಂಬುದನ್ನು ನಮ್ಮ ನೇಕಾರ ಕುಟುಂಬಗಳಿಗೆ ಯಾರೂ ಕಲಿಸಬೇಕಾದುದಿಲ್ಲ. ಗಾಂಧೀಜಿಯವರಿಗೂ ಇದು ಅನುಭವದಿಂದಲೇ ತಿಳಿಯಿತು. ನೂಲುವವರನ್ನು ಅವರು ಎಲ್ಲೆಲ್ಲಿಯೂ ವಿಚಾರಿಸಿದರು. ನೂಲುವುದು ಹೆಂಗಸರ ಕೆಲಸವಾಗಿದ್ದುದರಿಂದ, ಹಳ್ಳಿಯ ಮನೆಗಳ ಒಳಗೆ ಹೋಗಬಲ್ಲ ಹೆಂಗಸೊಬ್ಬರಿಂದಲೇ ಆ ಶೋಧ ಸಾಧ್ಯವಾಗಬೇಕಾಗಿತ್ತು.

ಆ ಕಾರ್ಯವನ್ನು ಕೈಗೊಂಡವರು ಗಂಗಾಬೆನ್ ಮಜುಮದಾರ್ ಎಂಬ ವಿಧವೆ. 1917ರಲ್ಲಿ ಭಡೋಚಿನ ಶಿಕ್ಷಣ ಸಮ್ಮೇಳನದಲ್ಲಿ ಅವರ ಪರಿಚಯವಾಯಿತು. ಧೈರ್ಯಶಾಲಿಯಾದ ಈ ತಾಯಿ ಗುಜರಾತಿನಲ್ಲಿ ಬಹಳ ಅಲೆದು, ಕೊನೆಗೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆಯನ್ನು ಕಂಡುಹಿಡಿದರು. ಅಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ರಾಟೆಗಳು ಧೂಳು ತಿನ್ನುತ್ತ ಬಿದ್ದಿದ್ದವು. ಹಂಜಿಯನ್ನು ತಂದುಕೊಟ್ಟು, ತೆಗೆದ ನೂಲನ್ನು ಕೊಂಡುಕೊಳ್ಳುವವರಿದ್ದರೆ ಮತ್ತೆ ನೂಲಲು ಆ ಹೆಂಗಸರು ಸಿದ್ಧರಾಗಿದ್ದರು. ಕೌಶಲ ಸತ್ತಿರಲಿಲ್ಲ, ಕೇಳುವವರಿಲ್ಲದೆ ಮಲಗಿತ್ತು. ಮೊದಮೊದಲು ಉಮರ್ ಸೋಬಾನಿಯವರು ತಮ್ಮ ಗಿರಣಿಯಿಂದ ಹಂಜಿಯನ್ನು ಕಳುಹಿಸಿದರು. ಗಿರಣಿಯ ಹಂಜಿಯಿಂದ ನೂತರೆ ಕೆಲಸ ಅರ್ಧ ಮಾತ್ರವಾಗುವುದೆಂದು ಗಾಂಧೀಜಿಯವರ ಮನಸ್ಸು ಒಪ್ಪಲಿಲ್ಲ. ಗಂಗಾಬೆನ್ ಅವರು ಹತ್ತಿ ಹಿಂಜುವ ಪಿಂಜಾರನೊಬ್ಬನನ್ನು ಗೊತ್ತುಮಾಡಿ, ಹುಡುಗರಿಗೆ ಹಂಜಿ ಮಾಡುವುದನ್ನೂ ಕಲಿಸಿದರು. ಆಶ್ರಮದಲ್ಲಿ ಮಗನಲಾಲ ಗಾಂಧಿಯವರು ರಾಟೆಯ ಸುಧಾರಣೆಗೆ ತೊಡಗಿದರು.

ಅದೇ ಕಾಲದಲ್ಲಿ ಗಾಂಧೀಜಿಯವರು ಕಠಿಣವಾದ ರೋಗದಿಂದ ಹಾಸಿಗೆ ಹಿಡಿದು ಮುಂಬಯಿಯ ಮಣಿಭವನದಲ್ಲಿ ತಂಗಿದ್ದರು. ಅಲ್ಲಿ ಅವರ ಕೊಠಡಿಯಲ್ಲಿಯೇ ರಾಟೆ ತಿರುಗತೊಡಗಿತು. ಅದರ ಸದ್ದು ತಾವು ಗುಣಮುಖರಾಗುವುದಕ್ಕೆ ನೆರವಾಯಿತೆಂದು ಅವರು ನಂಬಿದ್ದರು. ನೂಲುವುದನ್ನು ಅವರು ಕಲಿತದ್ದು ಹೀಗೆ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಮೊದಲ ಅಕ್ಷರ ತಿದ್ದುವ ಮಗುವಿನಂತೆ. ಆಶ್ರಮದಲ್ಲಿ ತಯಾರಾದ ಮೊದಲ ಖಾದಿಯ ಅಗಲ 30 ಅಂಗುಲ ಮಾತ್ರ. ಗಜಕ್ಕೆ 17 ಆಣೆ ಬಿದ್ದಿತ್ತು. ತಿಂಗಳೊಳಗೆ 45 ಅಂಗುಲ ಅಗಲದ ಧೋತರ ಬಾರದಿದ್ದರೆ ಗಿಡ್ಡ ಬಟ್ಟೆಯನ್ನೇ ಉಡುವೆನೆಂದು ಅವರು ಗಂಗಾಬೆನ್ ಅವರಿಗೆ ತಿಳಿಸಿದರು. ಅವಧಿಯೊಳಗೆ ಧೋತರ ಬಂದಿತು.

ಗಿರಣಿಯ ಯಂತ್ರದ ಮುಂದೆ ದುಡಿದವರಿಗೂ ಕೈನೂಲಿನ ಶ್ರಮದ ಕಲ್ಪನೆ ಇರಲಾರದು. ಆದುದರಿಂದ ಅದನ್ನು ಸ್ವಲ್ಪ ವಿವರಿಸುತ್ತೇವೆ. ಮೊದಲು ಹತ್ತಿಯಿಂದ ಬೀಜವನ್ನು ಬಿಡಿಸಬೇಕು. ಅರಳೆಯನ್ನು ಬಿಲ್ಲಿನ ನಾರಿಯಿಂದ ಹಿಂಜಿ, ಹೊಗೆಯಂತೆ ಹಗುರಮಾಡಿ, ಕಡ್ಡಿಗೆ ಸುತ್ತಿ ಹಂಜಿ ಮಾಡಬೇಕು. ಬಲಗೈ ರಾಟೆಯ ಚಕ್ರವನ್ನು ತಿರುಗಿಸುತ್ತಿರುವಾಗ ಎಡಗೈ ಹಂಜಿಯನ್ನು ಕದಿರಿನಿಂದ ಹಿಂದಕ್ಕೆ ಎಳೆಯುತ್ತದೆ. ಎಳೆತ ಹೆಚ್ಚಾದರೆ ಎಳೆ ತುಂಡಾಗುತ್ತದೆ. ಕಡಿಮೆಯಾದರೆ ಗಂಟು ಬೀಳುತ್ತದೆ. ಹುರಿ ಸಾಲದಿದ್ದರೆ ಮಗ್ಗದ ಮೇಲೆ ನಿಲ್ಲುವುದಿಲ್ಲ. 840 ಗಜಕ್ಕೆ ಒಂದು ಲಡಿ; ಪೌಂಡಿಗೆ ಇಂತಹ 20 ಲಡಿ ತೂಗಿದರೆ ಅದು 20 ನಂಬರಿನ ನೂಲು. ಲೆಕ್ಕ ಗಿರಣಿಯಲ್ಲಿಯೂ ಇದೇ. ಆದರೆ ಗಿರಣಿಯಲ್ಲಿ ಸಮತೆಯನ್ನು ಕಾಯುವುದು ಯಂತ್ರ. ರಾಟೆಯಲ್ಲಿ ಕಾಯುವುದು ಮನಸ್ಸು. ನೂಲುವವನ ಚಿತ್ತ ಕದಡಿದರೆ ಎಳೆಯೇ ಅದನ್ನು ಹೇಳಿಬಿಡುತ್ತದೆ. ಗಾಂಧೀಜಿಯವರು ನೂಲುವುದನ್ನು ಯಜ್ಞವೆಂದು ಭಾವಿಸಿದ್ದರ ಅರ್ಥ ನಮಗೆ ಇಲ್ಲಿ ಹೊಳೆಯುತ್ತದೆ.

ಹಾಗಾದರೆ ಗಿರಣಿಯ ಕೂಲಿಕಾರರಿಗೆ ಅವರು ಪರಕೀಯರೇ? ಗಿರಣಿಯ ಅನ್ನ ಉಂಡ ಊರಿನಲ್ಲಿ ಈ ಪ್ರಶ್ನೆಯನ್ನು ಕೇಳದೆ ಮುಂದುವರಿಯಲಾಗದು. 1918ರಲ್ಲಿ ಅಹಮದಾಬಾದಿನ ಗಿರಣಿ ಕೂಲಿಕಾರರು ಸಂಬಳದ ಹೆಚ್ಚಳಕ್ಕಾಗಿ ಕೆಲಸ ನಿಲ್ಲಿಸಿದಾಗ, ಅನಸೂಯಾ ಸಾರಾಭಾಯಿಯವರೊಡನೆ ಅವರ ಬೆನ್ನಿಗೆ ನಿಂತು ಉಪವಾಸ ಮಾಡಿದವರು ಗಾಂಧೀಜಿಯವರೇ. ಎದುರು ಪಕ್ಷದಲ್ಲಿದ್ದ ಗಿರಣಿಯೊಡೆಯರ ಮುಖಂಡರು ಅದೇ ಅನಸೂಯಾಬೆನ್ ಅವರ ಸಹೋದರ ಅಂಬಾಲಾಲ್ ಸಾರಾಭಾಯಿಯವರು. ಗಾಂಧೀಜಿಯವರ ಚಿಂತೆ ಇದ್ದುದು ಗಿರಣಿಯ ಬಾಗಿಲು ಎಂದಿಗೂ ತೆರೆಯದ ಕೋಟ್ಯಂತರ ಹಳ್ಳಿಗರ ವಿಷಯದಲ್ಲಿ. ಬಿತ್ತನೆ ಕೊಯ್ಲುಗಳ ನಡುವೆ ವರ್ಷದಲ್ಲಿ ಹಲವು ತಿಂಗಳು ಕೆಲಸವಿಲ್ಲದೆ ಕೂರುವ ಕುಟುಂಬಗಳ ವಿಷಯದಲ್ಲಿ. ಅವರ ಮಾತನ್ನು ಎಲ್ಲರೂ ಒಪ್ಪಿದರೆಂದಲ್ಲ. ರವೀಂದ್ರನಾಥ ಠಾಕೂರರು 1925ರಲ್ಲಿ ಚರಕದ ಪಂಥವನ್ನು ಬಹಿರಂಗವಾಗಿಯೇ ವಿಮರ್ಶಿಸಿದರು; ಎಲ್ಲರೂ ಒಂದೇ ಚಕ್ರವನ್ನು ತಿರುಗಿಸುವುದರಿಂದ ಬುದ್ಧಿ ಜಡವಾದೀತೆಂದು ಆ ಕವಿಗೆ ಅಂಜಿಕೆಯಿತ್ತು. ಗಾಂಧೀಜಿಯವರು ಉತ್ತರ ಬರೆದರು, ಸ್ನೇಹ ಕೆಡಲಿಲ್ಲ.

1921ರಲ್ಲಿ ಬೆಜವಾಡದಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ದೇಶದಲ್ಲಿ 20 ಲಕ್ಷ ಚರಕಗಳನ್ನು ನಡೆಸಬೇಕೆಂದು ನಿಶ್ಚಯಿಸಿತು. ಅದೇ ವರ್ಷದ ಜುಲೈ 31ರಂದು ಮುಂಬಯಿಯಲ್ಲಿ ವಿದೇಶಿ ಬಟ್ಟೆಗಳ ದೊಡ್ಡ ರಾಶಿಗೆ ಗಾಂಧೀಜಿಯವರ ಸಮ್ಮುಖದಲ್ಲಿ ಬೆಂಕಿ ಇಟ್ಟರು. ಅವರ ಪ್ರಿಯ ಮಿತ್ರರಾದ ಆಂಡ್ರೂಸರೂ ಇದರಿಂದ ನೊಂದರು. ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿಯವರು ಅಂಗಿ, ಟೋಪಿಗಳನ್ನು ಬಿಟ್ಟು ಮೊಳಕಾಲಿನವರೆಗಿನ ತುಂಡು ಪಂಚೆಗೆ ಇಳಿದರು. ಖಾದಿ ಕೊಳ್ಳಲು ಹಣವಿಲ್ಲದ ಬಡವನಿಗೆ ಬುದ್ಧಿ ಹೇಳುವವನು ಮೊದಲು ತಾನು ಆ ಬಡವನ ಉಡುಪಿಗೆ ಬರಬೇಕೆಂಬುದೇ ಅದರ ಕಾರಣ. ಜಗತ್ತು ಮುಂದೆ ಕಂಡ ಗಾಂಧೀಜಿಯವರ ರೂಪ ನಮ್ಮ ಈ ತಮಿಳುನಾಡಿನ ನೆಲದಲ್ಲಿಯೇ ಮೂಡಿತೆಂಬುದು ಸ್ಮರಣೀಯ.

ಕನ್ನಡಿಗರಾದ ನಮಗೆ ಇನ್ನೊಂದು ನೆನಪು ಹೆಮ್ಮೆಯದು. ಗಾಂಧೀಜಿಯವರು ಬಾಳಿನಲ್ಲಿ ಒಂದೇ ಒಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅದು 1924ರ ಡಿಸೆಂಬರಿನಲ್ಲಿ, ಗಡಿನಾಡಾದ ಬೆಳಗಾವಿಯಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ಪರಿಶ್ರಮದಿಂದ ನಡೆಯಿತು. ಕಾಂಗ್ರೆಸಿನ ಸದಸ್ಯರಾದವರು ತಿಂಗಳಿಗೆ 2000 ಗಜ ಕೈನೂಲನ್ನು ಸಲ್ಲಿಸಬೇಕೆಂಬ ನಿಯಮ ಬಂದುದು ಅಲ್ಲಿಯೇ. ಹಣಕ್ಕೆ ಬದಲಾಗಿ ದುಡಿಮೆಯನ್ನೇ ಸದಸ್ಯತ್ವದ ಚಂದಾ ಮಾಡಿದ ಆ ನಿಯಮ ಬಹುಕಾಲ ನಿಲ್ಲಲಿಲ್ಲ. ಮರುವರ್ಷವೇ ಅದನ್ನು ಸಡಿಲಿಸಬೇಕಾಯಿತು. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಅದರ ತಮಿಳುನಾಡು ಶಾಖೆಯ ಮುಖ್ಯ ಕಚೇರಿ ನಮ್ಮ ನೆರೆಯ ತಿರುಪ್ಪೂರಿನಲ್ಲಿತ್ತು. ಇಂದು ಹೊಸೆರಿ ಬಟ್ಟೆಗಾಗಿ ಹೆಸರಾದ ತಿರುಪ್ಪೂರು ಅಂದು ಖಾದಿಯಿಂದ ದೇಶಪ್ರಸಿದ್ಧವಾಗಿತ್ತು. ಚೆನ್ನಿಮಲೆಯಲ್ಲಿ ಹುಟ್ಟಿದ ಕುಮಾರನ್ ಎಂಬ ತರುಣ 1932ರ ಜನವರಿಯಲ್ಲಿ ಕೈಯಲ್ಲಿದ್ದ ಧ್ವಜವನ್ನು ಬಿಡದೆ ಪೋಲೀಸರ ಪೆಟ್ಟು ತಿಂದು ಪ್ರಾಣ ಬಿಟ್ಟುದು ಈ ಊರಿನಲ್ಲಿಯೇ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ನಡುವೆ ಗಾಂಧೀಜಿಯವರು ಕೊಯಮತ್ತೂರಿಗೆ ಬಂದು, ನಮ್ಮೂರಿಗೆ ಸಮೀಪದ ಪೋದನೂರಿನಲ್ಲಿ ತಂಗಿದ್ದರು.

ಸೆರೆಮನೆಯೂ ಅವರ ನೂಲನ್ನು ಕಡಿಯಲಿಲ್ಲ. ಉತ್ತಮ ರಾಟೆಯನ್ನು ರಚಿಸಿದವರಿಗೆ ಚರಕಾ ಸಂಘ 1929ರಲ್ಲಿ ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತ್ತು. 1930ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಗಾಂಧೀಜಿಯವರು ತಾವೇ ಪ್ರಯೋಗಗಳನ್ನು ಮಾಡಿದರು. ಪೆಟ್ಟಿಗೆಯಂತೆ ಮಡಚಿ ಕೈಯಲ್ಲಿ ಹಿಡಿದೊಯ್ಯಬಹುದಾದ ಯರವಡಾ ಚರಕ ಆ ದಿನಗಳ ಫಲ.

ಸೆರೆಯಿಂದ ಹೊರಬಂದ ಅವರು 1931ರಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋದರು. ಬಿಡುವು ಮಾಡಿಕೊಂಡು ಲ್ಯಾಂಕಾಶೈರಿನ ಡಾರ್ವೆನ್ ಎಂಬ ಗಿರಣಿಯ ಊರಿಗೂ ಹೋದರು. ಭಾರತದ ವಿದೇಶಿ ವಸ್ತ್ರ ಬಹಿಷ್ಕಾರದಿಂದ ಅಲ್ಲಿಯ ಅನೇಕರ ಕೆಲಸ ಹೋಗಿತ್ತು. ಕೋಪವನ್ನು ನಿರೀಕ್ಷಿಸಬಹುದಾಗಿದ್ದ ಕಡೆ ಅವರಿಗೆ ದೊರೆತುದು ಆದರ. ಅವರ ನಷ್ಟವನ್ನು ಗಾಂಧೀಜಿಯವರು ಮರೆಮಾಚಲಿಲ್ಲ. ಭಾರತದ ಹಳ್ಳಿಗಳ ಹಸಿವನ್ನೂ ಮುಚ್ಚಿಡಲಿಲ್ಲ. ಆ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆ ಮತ್ತು ಮೇರಿ ರಾಣಿಯವರು ಏರ್ಪಡಿಸಿದ್ದ ಸತ್ಕಾರಕ್ಕೆ ಅವರು ತುಂಡು ಪಂಚೆಯಲ್ಲಿಯೇ, ಶಾಲು ಹೊದ್ದು ಹೋದರು. ಮೇರಿ ರಾಣಿಯವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅವರು ಈ ಕಥೆಯಲ್ಲಿ ಮತ್ತೊಮ್ಮೆ ಬರುತ್ತಾರೆ.

1942ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಿಟ್ಟರು. ವಾರ ತುಂಬುವಷ್ಟರಲ್ಲಿ ಅವರ ಬಲಗೈಯಂತಿದ್ದ ಮಹಾದೇವ ದೇಸಾಯಿಯವರು ಅಲ್ಲಿಯೇ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರೂ ಅದೇ ಸೆರೆಯಲ್ಲಿ, ಪತಿಯ ತೊಡೆಯ ಮೇಲೆ ಕೊನೆಯುಸಿರೆಳೆದರು. ಗಾಂಧೀಜಿಯವರು ಸ್ವತಃ ತೆಗೆದ ನೂಲಿನಿಂದ ನೇಯ್ದ ಸೀರೆಯನ್ನು ಉಡಿಸಿ ಆ ತಾಯಿಯನ್ನು ಚಿತೆಯ ಮೇಲೆ ಮಲಗಿಸಿದರು. ಅರುವತ್ತೆರಡು ವರ್ಷಗಳ ದಾಂಪತ್ಯದ ಕೊನೆಯಲ್ಲಿ ಆ ಪತಿ ಪತ್ನಿಗೆ ಕೊಡಬಲ್ಲವರಾಗಿದ್ದುದು ಅಷ್ಟೇ; ಅದಕ್ಕಿಂತ ಹೆಚ್ಚಿನದನ್ನು ಯಾವ ಸಿರಿವಂತನೂ ಕೊಡಲಾರನೆಂದು ನಮಗೆ ತೋರುತ್ತದೆ.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಗಾಂಧೀಜಿಯವರು ದೆಹಲಿಯ ಉತ್ಸವದಲ್ಲಿರಲಿಲ್ಲ. ಹಿಂದೂ ಮುಸಲ್ಮಾನರ ಕಲಹವನ್ನು ಶಮನಗೊಳಿಸಲು ಕಲ್ಕತ್ತೆಯಲ್ಲಿದ್ದರು. ಸೆಪ್ಟೆಂಬರಿನಲ್ಲಿ ದೆಹಲಿಗೆ ಬಂದಾಗ ಪಂಜಾಬು ಎರಡಾಗಿ ಸೀಳಿ, ಮನೆಮಠಗಳನ್ನು ಕಳೆದುಕೊಂಡ ಲಕ್ಷಾಂತರ ನಿರಾಶ್ರಿತರು ಆ ನಗರದಲ್ಲಿ ತುಂಬಿದ್ದರು. ಇಂತಹ ದಿನಗಳಲ್ಲಿ, ನವೆಂಬರ್ 20ರಂದು, ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅವರ ವಿವಾಹ ನಿಶ್ಚಯವಾಗಿತ್ತು. ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ನರು ಅದಕ್ಕೆ ಹೊರಟಿದ್ದರು. ಎಲ್ಲವನ್ನೂ ತ್ಯಜಿಸಿದ್ದ ಗಾಂಧೀಜಿಯವರ ಬಳಿ ಉಡುಗೊರೆಯಾಗಬಲ್ಲ ವಸ್ತು ಯಾವುದಿತ್ತು? ಅವರ ಕೈನೂಲಿತ್ತು.

ಆ ನೂಲು ಮಗ್ಗಕ್ಕೆ ಹೋಗಲಿಲ್ಲ, ಲೇಸು ಹೆಣಿಗೆಯಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳು ಲೇಸಿನ ಕೆಲಸವನ್ನು ಬಲ್ಲರು. ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆಯುವ ಆ ಕೆಲಸಕ್ಕೆ ರಾಟೆಯ ಒಂಟಿ ಎಳೆ ತಡೆಯಲಾರದು. ಹುರಿ ಬಿಚ್ಚಿಕೊಳ್ಳುತ್ತದೆ, ಸೆಳೆತಕ್ಕೆ ಕಡಿಯುತ್ತದೆ. ಆದುದರಿಂದ ಎರಡು ಎಳೆಗಳನ್ನು ಜೋಡಿಸಿ, ಮೊದಲ ಹುರಿಗೆ ವಿರುದ್ಧವಾಗಿ ಹೊಸೆಯಬೇಕು. ಆಗ ಒಂದರ ತಿರುಚನ್ನು ಮತ್ತೊಂದು ಹಿಡಿದು ನಿಲ್ಲಿಸುತ್ತದೆ. ಈ ಲೇಸಿಗೂ ಗಾಂಧೀಜಿಯವರ ನೂಲನ್ನು ಎರಡೆಳೆ ಮಾಡಿಯೇ ಬಳಸಿದ್ದರು. ಹೆಣೆದವಳು ಒಬ್ಬ ಪಂಜಾಬಿ ಹುಡುಗಿ. ಅವಳಿಗೆ ಈ ಕೆಲಸವನ್ನು ಕಲಿಸಿದವರು ಆಭಾ ಅವರ ಪತಿ ಕನು ಗಾಂಧಿಯವರು. ಹತ್ತಿಯ ಆ ಸಣ್ಣ ಲೇಸಿನ ನಡುವೆ ಜೈ ಹಿಂದ್ ಎಂಬ ಅಕ್ಷರಗಳಿದ್ದವು. ವಧೂವರರು ಸೇವೆಯ ದೀರ್ಘ ಬಾಳನ್ನು ಸುಖವಾಗಿ ಬಾಳಲೆಂಬ ಆಶೀರ್ವಾದದೊಡನೆ ಗಾಂಧೀಜಿಯವರು ಅದನ್ನು ಮೌಂಟ್‌ಬ್ಯಾಟನ್ನರ ಕೈಗೆ ಒಪ್ಪಿಸಿದರು.

ಲಂಡನ್ನಿನಲ್ಲಿ ಮದುವೆಯ ಉಡುಗೊರೆಗಳನ್ನು ಪ್ರದರ್ಶಿಸಿದಾಗ, ವಧುವಿನ ಅಜ್ಜಿಯಾದ ಮೇರಿ ರಾಣಿಯವರು ಅದನ್ನು ಗಾಂಧೀಜಿಯವರ ತುಂಡು ಪಂಚೆಯೆಂದೇ ಭ್ರಮಿಸಿ ಅಸಮಾಧಾನಗೊಂಡರೆಂದು ಮೌಂಟ್‌ಬ್ಯಾಟನ್ನರ ಮನೆಯವರ ಬರಹಗಳಿಂದ ತಿಳಿದುಬರುತ್ತದೆ. ಹದಿನಾರು ವರ್ಷಗಳ ಹಿಂದೆ ಅರಮನೆಯಲ್ಲಿ ಕಂಡ ಆ ಪಂಚೆ ಅವರ ಮನಸ್ಸಿನಿಂದ ಮಾಸಿರಲಿಲ್ಲವೇನೋ! ಆದರೆ ವಧು ಆ ಕಾಣಿಕೆಯನ್ನು ಕಳೆಯಲಿಲ್ಲ. ರಾಣಿಯಾಗಿ ಎಪ್ಪತ್ತು ವರ್ಷ ಆಳಿ ಎಲಿಜಬೆತ್ ಅವರು 2022ರಲ್ಲಿ ತೀರಿಕೊಂಡರು. ಲೇಸು ಆ ರಾಜಮನೆತನದ ಸಂಗ್ರಹದಲ್ಲಿ ಭದ್ರವಾಗಿ ಉಳಿದಿದೆ.

ಅದನ್ನು ಕಳುಹಿಸಿದವರು ಮಾತ್ರ ಮೂರು ತಿಂಗಳೂ ಬದುಕಲಿಲ್ಲ. 1948ರ ಜನವರಿ 30ರ ಸಂಜೆ ಪ್ರಾರ್ಥನೆಗೆ ನಡೆಯುತ್ತಿದ್ದಾಗ ಸ್ವದೇಶೀಯನೊಬ್ಬನ ಗುಂಡಿಗೆ ಅವರು ಬಲಿಯಾದರು. ಆಗ ಅವರ ಪಕ್ಕದಲ್ಲಿ ಊರುಗೋಲಾಗಿ ನಡೆಯುತ್ತಿದ್ದ ಇಬ್ಬರು ತರುಣಿಯರಲ್ಲಿ ಆಭಾ ಅವರು ಒಬ್ಬರು.

ರಾಟೆ ಗಿರಣಿಯನ್ನು ಗೆಲ್ಲಲಿಲ್ಲ. ಇದನ್ನು ನಮ್ಮ ಊರಿನವರಿಗಿಂತ ಚೆನ್ನಾಗಿ ಬಲ್ಲವರಾರು? ಗಿರಣಿಗಳೂ ಶಾಶ್ವತವಲ್ಲವೆಂಬುದನ್ನು ಬಾಗಿಲು ಮುಚ್ಚಿದ ಗಿರಣಿಗಳು ನಮಗೆ ಕಲಿಸಿವೆ. ಹಾಗಿದ್ದೂ ಆ ನೂಲು ವ್ಯರ್ಥವಾಯಿತೆಂದು ನಾವು ಹೇಳಲಾರೆವು. ತನ್ನನ್ನು ಹಲವು ಬಾರಿ ಸೆರೆಗೆ ತಳ್ಳಿದ ಅರಸೊತ್ತಿಗೆಯ ಮನೆಗೆ, ಆ ಆಳ್ವಿಕೆ ಅಳಿದ ಮೂರೇ ತಿಂಗಳಲ್ಲಿ, ತನ್ನ ಬೆರಳುಗಳ ದುಡಿಮೆಯನ್ನು ಮದುವೆಯ ಹರಕೆಯಾಗಿ ಕಳುಹಿಸಲು ಒಬ್ಬ ಮುದುಕನಿಗೆ ಸಾಧ್ಯವಾಯಿತು. ವಿದೇಶಿ ಬಟ್ಟೆಯನ್ನು ಸುಟ್ಟ ಕೈಯಲ್ಲಿ ದ್ವೇಷವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನೆರೆಯ ಭಾಷೆಯ ನಡುವೆ ಮನೆಮಾತನ್ನು ಉಳಿಸಿಕೊಳ್ಳುವ ನಮ್ಮ ಕೆಲಸವೂ ಕೈನೂಲಿನಂಥದೇ. ದಿನವೂ ಕೆಲವು ಗಜ ನೂತರೆ ಮಾತ್ರ ಲಡಿ ತುಂಬುತ್ತದೆ. ತಮಿಳಿನ ಎಳೆಯೊಡನೆ ಕನ್ನಡದ ಎಳೆಯನ್ನು ಜೋಡಿಸಿ ಹೊಸೆದುಕೊಂಡು ಬಾಳುವವರು ನಾವು. ಎರಡೆಳೆಯ ನೂಲು ಬೇಗ ಕಡಿಯುವುದಿಲ್ಲ. ಲೇಸು ಎಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯದೆಂಬ ಅರ್ಥ ಬಹು ಹಳೆಯದು. ಮಹಾತ್ಮರ ನೂಲು ಎರಡು ಅರ್ಥದಲ್ಲಿಯೂ ಲೇಸೇ ಆಯಿತು. ನಮ್ಮ ಕೈಯ ನೂಲೂ ಹಾಗೆಯೇ ಲೇಸಾಗಲೆಂದು ಈ ಶುಭದಿನದಲ್ಲಿ ಹಾರೈಸುತ್ತೇವೆ.